ವಿಯೆನ್ನಾದ ಮ್ಯೂಸಿಯಂಗಳು: ಕಾಲು ಸೋಲುವ ಮೊದಲು ಏನೇನು ನೋಡಬೇಕು, ಹೇಗೆ ನೋಡಬೇಕು

ವಿಯೆನ್ನಾಕ್ಕೆ ಹೋಗುವ ನಮ್ಮವರು ಹೆಚ್ಚೆಂದರೆ ಮೂರು ದಿನ ಇರುತ್ತಾರೆ. ಆಮೇಲೆ ಪ್ರಾಗ್, ಬುಡಾಪೆಸ್ಟ್ ಅಂತ ರೈಲು ಹತ್ತಬೇಕಿರುತ್ತದೆ. ಆ ಮೂರು ದಿನದಲ್ಲಿ ಎಂಟು ಮ್ಯೂಸಿಯಂ ಮುಗಿಸಲು ಹೊರಟರೆ ಗತಿ ಏನಾಗುತ್ತದೆ? ಮಧ್ಯಾಹ್ನ ಮೂರರ ಹೊತ್ತಿಗೆ ಯಾವುದೇ ಮ್ಯೂಸಿಯಂನ ಬೆಂಚುಗಳ ಮೇಲೆ ಶೂ ಸಡಿಲಿಸಿ ಕೂತವರ ಮುಖ ನೋಡಿ, ಗೊತ್ತಾಗುತ್ತದೆ.

ಊರು ಇರುವ ರೀತಿಯೂ ಇದಕ್ಕೆ ಕಾರಣ. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಹಳೆ ಕೋಟೆಗೋಡೆ ಕೆಡವಲು ಆಜ್ಞೆ ಮಾಡಿದ. ಆ ಜಾಗದಲ್ಲಿ ಹಳೆ ಊರನ್ನು ಸುತ್ತುವರಿದು ರಿಂಗ್‌ಸ್ಟ್ರಾಸೆ ಎಂಬ ಅಗಲವಾದ ರಸ್ತೆ ಬಂತು. ರಸ್ತೆಯುದ್ದಕ್ಕೂ ಒಪೆರಾ, ಸಂಸತ್ತು, ವಿಶ್ವವಿದ್ಯಾಲಯ ಎದ್ದವು. ನಡುವೆ ಒಂದು ಚೌಕ, ಅದರ ಎರಡು ಕಡೆ ಎದುರುಬದುರಾಗಿ ಅವಳಿಜವಳಿ ಮ್ಯೂಸಿಯಂಗಳು. ರಸ್ತೆ ದಾಟಿದರೆ ಅರಮನೆ, ಅದರೊಳಗೆ ಇನ್ನಷ್ಟು ಮ್ಯೂಸಿಯಂ. ಹಿಂದಕ್ಕೆ ತಿರುಗಿದರೆ ಹಳೆ ರಾಜಲಾಯಗಳಲ್ಲಿ 2001ರಲ್ಲಿ ತೆರೆದ ಮ್ಯೂಸಿಯಂ ಕ್ವಾರ್ಟರ್. ಎಲ್ಲ ಹತ್ತು ನಿಮಿಷದ ನಡಿಗೆಯೊಳಗೆ. "ಪಕ್ಕದಲ್ಲೇ ಇದೆಯಲ್ಲ, ಅದನ್ನೂ ನೋಡಿಬಿಡೋಣ" ಅನ್ನಿಸದೇ ಇರುವುದಿಲ್ಲ.

ನನ್ನ ಸಲಹೆ ಒಂದೇ. ಮ್ಯೂಸಿಯಂಗಳ ಪಟ್ಟಿ ಮಾಡಬೇಡಿ, ಕೋಣೆಗಳ ಪಟ್ಟಿ ಮಾಡಿ. ದಿನಕ್ಕೆ ಒಂದು ದೊಡ್ಡ ಮ್ಯೂಸಿಯಂ, ಅದರಲ್ಲಿ ಮೂರೋ ನಾಲ್ಕೋ ಕೋಣೆ. ಸಂಜೆಗೆ ಜೀವ ಉಳಿದಿದ್ದರೆ ಒಂದು ಚಿಕ್ಕ ಜಾಗ. ಇದನ್ನು ಹೇಗೆ ಹೊಂದಿಸುವುದು ಅಂತ ಒಂದೊಂದಾಗಿ ನೋಡೋಣ.

ಮೊದಲು ರಜೆಯ ದಿನ ನೋಡಿಕೊಳ್ಳಿ

ಯುರೋಪಿನಲ್ಲಿ ಸೋಮವಾರ ಮ್ಯೂಸಿಯಂ ಮುಚ್ಚಿರುತ್ತದೆ ಅಂತ ಕೇಳಿರುತ್ತೀರಿ. ವಿಯೆನ್ನಾದಲ್ಲಿ ಅದು ಅರ್ಧ ಮಾತ್ರ ನಿಜ. ಕಲಾ ಮ್ಯೂಸಿಯಂ, ಅಂದರೆ ಕುನ್ಸ್ಟ್‌ಹಿಸ್ಟೋರಿಶೆಸ್ ಮ್ಯೂಸಿಯಂ, ವರ್ಷದ ಬಹುಪಾಲು ಸೋಮವಾರಗಳಂದು ಬಾಗಿಲು ಹಾಕುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ತೆರೆದಿರುತ್ತದೆ. ಅದರ ಎದುರಿಗಿರುವ ನಿಸರ್ಗ ಚರಿತ್ರೆಯ ಮ್ಯೂಸಿಯಂಗೆ ರಜೆ ಮಂಗಳವಾರ. ಅರಮನೆಯ ಖಜಾನೆಗೂ ಮಂಗಳವಾರವೇ. ಬೆಲ್ವೆಡೇರ್ ಮತ್ತು ಆಲ್ಬರ್ಟೀನಾ ಎಂಬ ಚಿತ್ರಗಳ ಮ್ಯೂಸಿಯಂಗಳು ವಾರವಿಡೀ ತೆರೆದಿರುತ್ತವೆ.

ಹಾಗಾಗಿ ನೀವು ಇಳಿಯುವ ದಿನ ಸೋಮವಾರವಾದರೆ ಬೆಲ್ವೆಡೇರ್‌ಗೆ ಹೋಗಿ, ಮಂಗಳವಾರ ಕಲಾ ಮ್ಯೂಸಿಯಂಗೆ. ಗುರುವಾರ ಸಂಜೆ ಊರಲ್ಲಿದ್ದರಂತೂ ಅದೃಷ್ಟ. ಕಲಾ ಮ್ಯೂಸಿಯಂ ಆ ದಿನ ರಾತ್ರಿ 9ರವರೆಗೆ ಇರುತ್ತದೆ. ಪ್ರವಾಸಿಗರ ಬಸ್ಸುಗಳೆಲ್ಲ ಹೋಗಿರುತ್ತವೆ, ಹಾಲ್‌ಗಳು ಖಾಲಿ ಖಾಲಿ. ಆಲ್ಬರ್ಟೀನಾಕ್ಕೆ ಬುಧವಾರ ಮತ್ತು ಶುಕ್ರವಾರ ಇದೇ ರೀತಿ ಜಾಸ್ತಿ ಹೊತ್ತು. ಹಬ್ಬಗಳಲ್ಲಿ ಸಮಯ ಬದಲಾಗುತ್ತದೆ. ಹೊರಡುವ ಹಿಂದಿನ ದಿನ ಆಯಾ ಮ್ಯೂಸಿಯಂನ ಸ್ವಂತ ವೆಬ್‌ಸೈಟ್ ಒಮ್ಮೆ ತೆರೆದು ನೋಡಿ. ಗೂಗಲ್ ತೋರಿಸುವ ಸಮಯ ನಂಬಿ ಹೋಗಬೇಡಿ.

ಟಿಕೆಟ್ ಲೆಕ್ಕ

ದೊಡ್ಡ ಮ್ಯೂಸಿಯಂಗಳ ಟಿಕೆಟ್ ಒಬ್ಬರಿಗೆ 20 ಯೂರೊ ಆಸುಪಾಸು. ನಾಲ್ಕು ಜನರ ಸಂಸಾರ ಅಂದರೆ ಎದೆ ಧಸಕ್ ಅನ್ನುತ್ತದೆ. ಆದರೆ 19 ವರ್ಷದೊಳಗಿನವರಿಗೆ ಇಲ್ಲಿನ ಸರ್ಕಾರಿ ಮ್ಯೂಸಿಯಂಗಳಲ್ಲಿ ಪ್ರವೇಶ ಉಚಿತ. ಕಲಾ ಮ್ಯೂಸಿಯಂ, ನಿಸರ್ಗ ಚರಿತ್ರೆಯ ಮ್ಯೂಸಿಯಂ, ಬೆಲ್ವೆಡೇರ್, ಆಲ್ಬರ್ಟೀನಾ, ತಾಂತ್ರಿಕ ಮ್ಯೂಸಿಯಂ ಎಲ್ಲವೂ ಇದರಲ್ಲಿ ಸೇರುತ್ತವೆ. ನಮ್ಮ ದೇಶದ ಮಕ್ಕಳಿಗೂ ಇದು ಅನ್ವಯಿಸುತ್ತದೆ. ವಯಸ್ಸು ತೋರಿಸಲು ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಳ್ಳಿ. ಓದುತ್ತಿರುವ ಮಗನೋ ಮಗಳೋ 19 ದಾಟಿದ್ದರೆ ಕಾಲೇಜಿನ ಐಡಿ ಕಾರ್ಡ್ ಜೊತೆಗಿರಲಿ. ಹಿರಿಯರಿಗೂ ರಿಯಾಯಿತಿ ಇರುತ್ತದೆ. ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ.

ಎಲ್ಲ ನೋಡಬಹುದಾದ ಪ್ರವಾಸಿ ಪಾಸ್‌ಗಳ ಜಾಹೀರಾತು ವಿಮಾನ ನಿಲ್ದಾಣದಲ್ಲೇ ಶುರುವಾಗುತ್ತದೆ. ಕೊಳ್ಳುವ ಮೊದಲು ಕಾಗದದ ಮೇಲೆ ಕೂಡಿಸಿ ನೋಡಿ. ಪಾಸಿನ ಹಣ ಹುಟ್ಟಬೇಕಾದರೆ ದಿನಕ್ಕೆ ಮೂರು ನಾಲ್ಕು ಜಾಗಕ್ಕೆ ಓಡಬೇಕು. ಕೋಣೆಗಳ ಪಟ್ಟಿ ಹಿಡಿದು ಹೋಗುವವರಿಗೆ ಅದು ನಷ್ಟವೇ. ಅದಕ್ಕಿಂತ ಕಲಾ ಮ್ಯೂಸಿಯಂ ಮತ್ತು ಖಜಾನೆಗೆ ಸೇರಿಸಿ ಕೊಡುವ ಜೋಡಿ ಟಿಕೆಟ್ ಒಳ್ಳೆಯದು. ಅಲ್ಲೇ ಕೆಲಸಕ್ಕಿರುವವರು, ಓದಲು ಹೋದವರು, ಮಗಳ ಮನೆಗೆ ಅಂತ ಹೋಗಿ ಎರಡು ತಿಂಗಳು ಉಳಿಯುವ ಅಪ್ಪ ಅಮ್ಮ, ಇವರೆಲ್ಲ ಕಲಾ ಮ್ಯೂಸಿಯಂನ ವಾರ್ಷಿಕ ಕಾರ್ಡ್ ಮಾಡಿಸಿಬಿಡಿ. ಮೂರ್ನಾಲ್ಕು ಸಲ ಹೋದರೆ ದುಡ್ಡು ಬಂತು. ಆಮೇಲೆ ಮಳೆ ಬಂದಾಗಲೆಲ್ಲ ಸುಮ್ನೆ ಒಳಗೆ ಹೋಗಿ ಒಂದು ಚಿತ್ರ ನೋಡಿ ಬರಬಹುದು.

ಬೆಲ್ವೆಡೇರ್‌ಗೆ ಮಾತ್ರ ಆನ್‌ಲೈನ್‌ನಲ್ಲೇ ಸಮಯ ಗೊತ್ತುಮಾಡಿದ ಟಿಕೆಟ್ ತಗೊಳ್ಳಿ. ಅಲ್ಲಿನ ನೂಕುನುಗ್ಗಲು ಬೇರೆಯೇ ಥರ.

ಓಡಾಟ

ಅವಳಿ ಮ್ಯೂಸಿಯಂಗಳಿಗೆ ಹತ್ತಿರದ ಮೆಟ್ರೊ ನಿಲ್ದಾಣ ಯು3 ಮಾರ್ಗದ ಫೋಕ್ಸ್‌ಥಿಯಾಟರ್. ಬೆಲ್ವೆಡೇರ್‌ಗೆ ಡಿ ಅಕ್ಷರದ ಟ್ರಾಮ್, ಬಾಗಿಲಿಗೇ ಬಿಡುತ್ತದೆ. ಟ್ರಾಮಿನಲ್ಲಿ ಕಂಡಕ್ಟರ್ ಇಲ್ಲ, ಮೆಟ್ರೊಗೆ ಗೇಟೂ ಇಲ್ಲ. ಹಾಗಂತ ಬಿಟ್ಟಿ ಅಲ್ಲ. ಸಮಯ ಮುದ್ರೆಯಾಗದ ಕಾಗದದ ಟಿಕೆಟ್ ಕೊಂಡಿದ್ದರೆ ಹತ್ತುವಾಗ ಚಿಕ್ಕ ಪೆಟ್ಟಿಗೆಗೆ ತೂರಿಸಿ ಮುದ್ರೆ ಒತ್ತಿಸಲೇಬೇಕು. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲಿ ಇರುತ್ತಾರೆ. ಸಿಕ್ಕಿಬಿದ್ದರೆ ದಂಡ 100 ಯೂರೊಗೂ ಜಾಸ್ತಿ. "ಪ್ರವಾಸಿ, ಗೊತ್ತಿರಲಿಲ್ಲ" ಎಂಬ ಮಾತನ್ನು ಅವರು ದಿನಾ ಕೇಳಿರುತ್ತಾರೆ.

ಒಳಗೆ ಹೋಗುವಾಗ

ಬೆನ್ನಿಗೆ ಹಾಕುವ ಚೀಲ, ಉದ್ದ ಛತ್ರಿ, ಒದ್ದೆ ಕೋಟು ಒಳಗೆ ಬಿಡುವುದಿಲ್ಲ. ಗಾರ್ಡರೋಬ ಅಂತ ಬೋರ್ಡ್ ಇರುವ ಕಡೆ ಕೊಡಬೇಕು ಅಥವಾ ಲಾಕರಿನಲ್ಲಿ ಇಡಬೇಕು. ಲಾಕರಿಗೆ ನಾಣ್ಯ ಬೇಕಾದೀತು, ಒಂದು ಎರಡು ಯೂರೊ ನಾಣ್ಯ ಜೇಬಲ್ಲಿ ಇರಲಿ. ಚಳಿಗಾಲದಲ್ಲಿ ಕೋಟು ಕೊಡಲು ಜಿಪುಣತನ ಮಾಡಬೇಡಿ. ಒಳಗೆ ಹೀಟರ್ ಜೋರಾಗಿರುತ್ತದೆ. ದಪ್ಪ ಜಾಕೆಟ್ ಕೈಯಲ್ಲಿ ಹೊತ್ತು ನಡೆದರೆ ಅರ್ಧ ಗಂಟೆಗೇ ಸಾಕಪ್ಪಾ ಅನ್ನಿಸುತ್ತದೆ. ಟಿಕೆಟ್ ಕೌಂಟರ್ ಇರುವ ಕಡೆ ಕಾಸ್ಸ ಎಂದೂ, ಹೊರದಾರಿಗೆ ಆವ್ಸ್‌ಗಾಂಗ್ ಎಂದೂ ಬರೆದಿರುತ್ತದೆ. ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ.

ಫೋಟೊ ಸಾಮಾನ್ಯವಾಗಿ ತೆಗೆಯಬಹುದು. ಫ್ಲ್ಯಾಶ್ ಮತ್ತು ಸೆಲ್ಫಿ ಕೋಲು ಬೇಡ. ಚಿತ್ರದ ಹತ್ತಿರ ಬೆರಳು ಚಾಚಿ "ಇಲ್ನೋಡು" ಅನ್ನುವುದು ನಮಗೆ ಸಹಜ. ಅಲ್ಲಿ ಅಲಾರಂ ಕೂಗಬಹುದು, ಕಾವಲಿನವರು ಎದ್ದು ಬರುತ್ತಾರೆ. ಕೈ ಹಿಂದೆ ಕಟ್ಟಿಕೊಂಡು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕಲಾ ಮ್ಯೂಸಿಯಂ: ಇಲ್ಲೇ ಜಾಸ್ತಿ ಹೊತ್ತು ಇಡಿ

1891ರಲ್ಲಿ ತೆರೆದ ಈ ಕಟ್ಟಡಕ್ಕೆ ಕನಿಷ್ಠ ಅರ್ಧ ದಿನ ಕೊಡಿ. ಮೆಟ್ಟಿಲು ಹತ್ತುವಾಗಲೇ ತಲೆ ಎತ್ತಿ ನೋಡಿ. ಕಂಬಗಳ ನಡುವಿನ ಮೂಲೆಗಳಲ್ಲಿರುವ ಚಿತ್ರಗಳಲ್ಲಿ ಕೆಲವನ್ನು ಬರೆದವನು ಆಗಿನ್ನೂ ಹೆಸರು ಮಾಡದ ಗುಸ್ಟಾವ್ ಕ್ಲಿಮ್ಟ್. ಚಿನ್ನದ ಚಿತ್ರಗಳ ಕ್ಲಿಮ್ಟ್‌ನನ್ನು ಹುಡುಕಿಕೊಂಡು ಬಂದ ಎಷ್ಟೋ ಜನ ಅವನ ಕೆಳಗೇ ಹಾದು ಹೋಗಿಬಿಡುತ್ತಾರೆ.

ಚಿತ್ರಗಳೆಲ್ಲ ಮೊದಲ ಮಹಡಿಯಲ್ಲಿವೆ. ದೊಡ್ಡ ಹಾಲ್‌ಗಳಿಗೆ ರೋಮನ್ ಅಂಕಿ, ಅವುಗಳ ಪಕ್ಕದ ಚಿಕ್ಕ ಕೋಣೆಗಳಿಗೆ ಮಾಮೂಲಿ ಅಂಕಿ. ಇದು ಗೊತ್ತಿದ್ದರೆ ನಕ್ಷೆ ಸಲೀಸು. ನೇರವಾಗಿ 16ನೇ ಶತಮಾನದ ಚಿತ್ರಕಾರ ಪೀಟರ್ ಬ್ರೂಗಲ್‌ನ ಹಾಲ್ ಕೇಳಿಕೊಂಡು ಹೋಗಿ. ಬ್ರೂಗಲ್‌ನ ಚಿತ್ರಗಳು ಇಷ್ಟೊಂದು ಸಂಖ್ಯೆಯಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲ.

ಅಲ್ಲಿ "ರೈತರ ಮದುವೆ" ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಿ. ಸುಮಾರು 1567ರ ಚಿತ್ರ. ಕಣದ ಕೊಟ್ಟಿಗೆಯಲ್ಲಿ ಮದುವೆ ಊಟ ನಡೆಯುತ್ತಿದೆ. ಹಿಂದಿನ ಗೋಡೆ ಅಂತ ಕಾಣುವುದು ಗೋಡೆಯಲ್ಲ, ಒಟ್ಟಿದ ಪೈರು. ಇಬ್ಬರು ಆಳುಗಳು ಗಂಜಿಯ ತಟ್ಟೆಗಳನ್ನು ಹೊತ್ತು ತರುತ್ತಿದ್ದಾರೆ. ಹೊತ್ತಿರುವುದು ಯಾವುದರ ಮೇಲೆ? ತಿರುಗಣಿಯಿಂದ ಕಿತ್ತು ತಂದ ಬಾಗಿಲಿನ ಮೇಲೆ! ಹಳ್ಳಿ ಮದುವೆಯಲ್ಲಿ ಬಡಿಸಿದವರಿಗೆ ಗೊತ್ತು, ಆ ಹೊತ್ತಿಗೆ ಕೈಗೆ ಸಿಕ್ಕಿದ್ದೇ ಪಾತ್ರೆ. ಅವರಲ್ಲೊಬ್ಬನ ಟೋಪಿಗೆ ಮರದ ಚಮಚ ಸಿಕ್ಕಿಸಿಕೊಂಡಿದೆ. ಹಸಿರು ಬಟ್ಟೆಯ ಮುಂದೆ ಕಣ್ಣು ಮುಚ್ಚಿ ಕೈ ಕಟ್ಟಿ ಕೂತವಳು ಮದುವಣಗಿತ್ತಿ, ತಲೆಯ ಮೇಲೆ ಕಾಗದದ ಕಿರೀಟ ತೂಗುತ್ತಿದೆ. ಮದುಮಗ ಯಾರು? ಇವತ್ತಿಗೂ ಪಂಡಿತರು ಒಪ್ಪಿಲ್ಲ. ಒಬ್ಬೊಬ್ಬರು ಒಬ್ಬೊಬ್ಬನನ್ನು ತೋರಿಸುತ್ತಾರೆ. ನೀವೂ ಹುಡುಕಿ.

ವಾದ್ಯದವನನ್ನು ನೋಡಿ. ಊದುವುದು ಬಿಟ್ಟು ಬರುತ್ತಿರುವ ಗಂಜಿಯನ್ನೇ ನೋಡುತ್ತಿದ್ದಾನೆ. ಮುಂದೆ ನೆಲದ ಮೇಲೆ ಕೂತ ಮಗು ತಟ್ಟೆ ಬಳಿದು ಬೆರಳು ಚೀಪುತ್ತಿದೆ. ಅದರ ದೊಡ್ಡ ಟೋಪಿಗೆ ನವಿಲುಗರಿ. ಆಮೇಲೆ ಬಾಗಿಲು ಹೊತ್ತವರ ಕಾಲುಗಳನ್ನು ಎಣಿಸಿ. ಒಂದು ಪಾದ ಜಾಸ್ತಿ ಇದ್ದಂತೆ ಕಾಣುತ್ತದೆ. ಅದು ಯಾರದ್ದು ಎಂಬುದಕ್ಕೆ ಬಗೆಬಗೆಯ ವಿವರಣೆಗಳಿವೆ. ಮಕ್ಕಳಿದ್ದರೆ ಉತ್ತರ ಹೇಳಬೇಡಿ, ಅವರೇ ಹುಡುಕಲಿ.

ಅದೇ ಹಾಲ್‌ನಲ್ಲಿ 1560ರ "ಮಕ್ಕಳ ಆಟಗಳು" ಇದೆ. ಇನ್ನೂರಕ್ಕೂ ಹೆಚ್ಚು ಮಕ್ಕಳು, ಎಂಬತ್ತಕ್ಕೂ ಹೆಚ್ಚು ಆಟಗಳು. ಕೆಳಗೆ ಎಡಮೂಲೆಯಲ್ಲಿ ಇಬ್ಬರು ಹುಡುಗಿಯರು ಮೂಳೆಯ ತುಂಡುಗಳನ್ನು ಎಸೆದು ಆಡುತ್ತಿದ್ದಾರೆ. ನಮ್ಮ ಅಜ್ಜಿಯಂದಿರ ಕಲ್ಲಾಟವೇ ಅದು. ಕಣ್ಣಿಗೆ ಬಟ್ಟೆ ಕಟ್ಟಿ ಹುಡುಕುವುದು, ಬಗ್ಗಿದವನ ಬೆನ್ನ ಮೇಲೆ ಹಾರುವುದು, ಬಳೆ ಚಕ್ರ ಉರುಳಿಸುವುದು, ಮರಗಾಲು ಕಟ್ಟಿ ನಡೆಯುವುದು ಎಲ್ಲ ಇದೆ. ಎಪ್ಪತ್ತು ದಾಟಿದವರನ್ನು ಮ್ಯೂಸಿಯಂಗೆ ಕರೆದುಕೊಂಡು ಹೋದರೆ ಈ ಚಿತ್ರಕ್ಕೇ ಮೊದಲು ನಿಲ್ಲಿಸಿ. ಕಲಾಚರಿತ್ರೆ ಗೊತ್ತಿಲ್ಲ ಅಂತ ಹಿಂಜರಿಯುವವರು ಇಲ್ಲಿ ನಿಮಗೇ ಪಾಠ ಮಾಡುತ್ತಾರೆ.

ಇನ್ನೊಂದು, "ಹಿಮದಲ್ಲಿ ಬೇಟೆಗಾರರು", 1565ರದ್ದು. ಮೂವರು ಬೇಟೆಗಾರರು ಸೋತು ಮರಳುತ್ತಿದ್ದಾರೆ. ಇಷ್ಟೊಂದು ನಾಯಿ ಕಟ್ಟಿಕೊಂಡು ಹೋಗಿ ತಂದದ್ದು ಒಂದೇ ಒಂದು ನರಿ. ಇದು ವರ್ಷದ ಋತುಗಳ ಸಾಲಿನ ಚಿತ್ರ. ಆ ಸಾಲಿನಲ್ಲಿ ಉಳಿದಿರುವುದು ಐದು. ಮೂರು ಇಲ್ಲಿ, ಒಂದು ನ್ಯೂಯಾರ್ಕ್‌ನಲ್ಲಿ, ಒಂದು ಪ್ರಾಗ್‌ನಲ್ಲಿ. ಮುಂದೆ ಪ್ರಾಗ್‌ಗೆ ಹೋಗುವವರು ಅಲ್ಲಿನ ಲೊಬ್ಕೊವಿಟ್ಸ್ ಅರಮನೆಯಲ್ಲಿ ಹುಲ್ಲು ಕೊಯ್ಲಿನ ಚಿತ್ರ ನೋಡಿ, ಜೋಡಿಯಾಗುತ್ತದೆ.

ಬ್ರೂಗಲ್ ಆದಮೇಲೆ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ ಬರೆದ ಪುಟ್ಟ ರಾಜಕುಮಾರಿಯನ್ನು ಹುಡುಕಿ. ಸ್ಪೇನಿನ ಮಾರ್ಗರೀಟಾ ತೆರೇಸಾ. ಗುಲಾಬಿ ಲಂಗ, ಬಿಳಿ ಲಂಗ, ನೀಲಿ ಲಂಗದಲ್ಲಿ ಮೂರು ಚಿತ್ರ. ಮೊದಲನೆಯದರಲ್ಲಿ ಎರಡು ಮೂರು ವರ್ಷದ ಮಗು, ಕೊನೆಯದರಲ್ಲಿ ಎಂಟು ವರ್ಷ. ಸ್ಪೇನಿನ ಹುಡುಗಿಯ ಚಿತ್ರ ವಿಯೆನ್ನಾದಲ್ಲಿ ಯಾಕೆ? ಅವಳನ್ನು ಮುಂದೆ ಇಲ್ಲಿನ ಚಕ್ರವರ್ತಿಯಾದ ಲಿಯೊಪೋಲ್ಡ್‌ಗೆ ಕೊಡುವ ಮಾತಾಗಿತ್ತು. ಹುಡುಗಿ ಹೇಗೆ ಬೆಳೆಯುತ್ತಿದ್ದಾಳೆ ಅಂತ ತೋರಿಸಲು ಕಳಿಸಿದ ಚಿತ್ರಗಳಿವು. ಲಿಯೊಪೋಲ್ಡ್ ಬೇರೆ ಯಾರೂ ಅಲ್ಲ, ಅವಳ ತಾಯಿಯ ಸ್ವಂತ ತಮ್ಮ. ಅಂದರೆ ಸೋದರಮಾವ! ಆ ತಾಯಿಯೂ ತನ್ನ ಸೋದರಮಾವನನ್ನೇ ಮದುವೆಯಾಗಿದ್ದವಳು. ಅಕ್ಕನ ಮಗಳನ್ನು ತರುವ ಪದ್ಧತಿ ನಮ್ಮ ಕಡೆ ಮಾತ್ರ ಅಂದುಕೊಂಡವರಿಗೆ ಇಲ್ಲಿ ಒಂದು ಆಶ್ಚರ್ಯ ಕಾದಿದೆ. ನಾವು ಸುಲಭವಾಗಿ ಬಿಡಿಸಿಕೊಳ್ಳುವ ಈ ನೆಂಟಸ್ತಿಕೆಯ ಗಂಟನ್ನು ಇಂಗ್ಲಿಷ್ ಆಡಿಯೊ ಗೈಡ್ ಬಹಳ ಕಷ್ಟಪಟ್ಟು ವಿವರಿಸಬೇಕಾಗುತ್ತದೆ. 1666ರಲ್ಲಿ ಮದುವೆಯಾದಾಗ ಅವಳಿಗೆ 15 ವರ್ಷ. 21ಕ್ಕೆ ತೀರಿಕೊಂಡಳು. ಅದು ತಿಳಿದ ಮೇಲೆ ನೀಲಿ ಲಂಗದ ಚಿತ್ರ ಇನ್ನೊಮ್ಮೆ ನೋಡಿ.

ಇಷ್ಟು ಹೊತ್ತಿಗೆ ಕಾಲು ನೋಯುತ್ತಿರುತ್ತದೆ. ದೊಡ್ಡ ಹಾಲ್‌ಗಳ ನಡುವೆ ಮೆತ್ತನೆಯ ಸೋಫಾಗಳಿವೆ, ಕೂರಿ. ಇಲ್ಲವೇ ಗುಮ್ಮಟದ ಕೆಳಗಿನ ಕೆಫೆಗೆ ಹೋಗಿ. ದುಬಾರಿ, ಆದರೆ ಅಂಥ ಸೂರಿನ ಕೆಳಗೆ ಕಾಫಿ ಕುಡಿಯುವ ಜಾಗ ಇನ್ನೆಲ್ಲಿದೆ? ಕಾಫಿ ಜೊತೆ ಒಂದು ಲೋಟ ನೀರು ಕೇಳದೆಯೇ ತಂದಿಡುವುದು ಈ ಊರಿನ ರೂಢಿ.

ಹೋಗುವ ಮೊದಲು ಕೆಳಗಿನ ಕುನ್ಸ್ಟ್‌ಕಾಮರ್ ವಿಭಾಗದಲ್ಲಿ ಒಂದೇ ಒಂದು ವಸ್ತು ನೋಡಿ. ಬೆನ್ವೆನೂಟೊ ಚೆಲ್ಲೀನಿ ಮಾಡಿದ ಚಿನ್ನದ ಉಪ್ಪಿನ ಬಟ್ಟಲು, ಸಲಿಯೇರಾ. 1540ರಿಂದ 1543ರ ನಡುವೆ ಫ್ರಾನ್ಸ್ ದೊರೆಗಾಗಿ ಮಾಡಿದ್ದು. ಸಮುದ್ರದ ದೇವರು ಒಂದು ಕಡೆ, ಭೂಮಿತಾಯಿ ಇನ್ನೊಂದು ಕಡೆ, ಕಾಲು ಹೆಣೆದುಕೊಂಡು ಕೂತಿದ್ದಾರೆ. ಸಮುದ್ರದವನ ಪಕ್ಕ ಉಪ್ಪಿಗೆ ದೋಣಿ, ಭೂಮಿಯ ಪಕ್ಕ ಮೆಣಸಿಗೆ ಪುಟ್ಟ ಗುಡಿ. 2003ರ ಮೇ 11ರಂದು ಬೆಳಗಿನ ಜಾವ ಒಬ್ಬ ಕಳ್ಳ ರಿಪೇರಿಗೆ ಕಟ್ಟಿದ್ದ ಸಾರುವೆ ಹತ್ತಿ, ಕಿಟಕಿ ಒಡೆದು ಇದನ್ನು ಎತ್ತಿಕೊಂಡು ಹೋದ. 2006ರ ಜನವರಿಯಲ್ಲಿ ಸ್ವೆಟ್ಲ್ ಊರಿನ ಹತ್ತಿರದ ಕಾಡಿನಲ್ಲಿ, ಸೀಸದ ಪೆಟ್ಟಿಗೆಯಲ್ಲಿ ಹೂತಿಟ್ಟಿದ್ದು ಸಿಕ್ಕಿತು. ಕಳ್ಳ ಯಾರು ಗೊತ್ತಾ? ಬರ್ಗ್ಲರ್ ಅಲಾರಂ ಅಳವಡಿಸುವ ಕೆಲಸದವನು.

ಈಜಿಪ್ಟ್, ಗ್ರೀಸ್, ರೋಮ್ ವಿಭಾಗಗಳೂ ಇದೇ ಕಟ್ಟಡದಲ್ಲಿವೆ. ಲಂಡನ್ನೋ ಪ್ಯಾರಿಸ್ಸೋ ನೋಡಿದವರು ಅವನ್ನು ಬಿಟ್ಟರೂ ನಡೆಯುತ್ತದೆ.

ಎದುರಿನ ಕಟ್ಟಡ

ನಿಸರ್ಗ ಚರಿತ್ರೆಯ ಮ್ಯೂಸಿಯಂ 1889ರದ್ದು. ಮಕ್ಕಳಿದ್ದರೆ ಇದನ್ನು ತಪ್ಪಿಸಬೇಡಿ. ಡೈನೋಸಾರ್, ಉಲ್ಕೆಗಳ ಹಾಲ್, ಖನಿಜಗಳ ಸಾಲು ಸಾಲು ಗಾಜಿನ ಪೆಟ್ಟಿಗೆ. ದೊಡ್ಡವರು ವಿಲೆಂಡಾರ್ಫ್‌ನ ವೀನಸ್ ಇರುವ ಕತ್ತಲ ಕೋಣೆ ಕೇಳಿಕೊಂಡು ಹೋಗಿ. 1908ರಲ್ಲಿ ಡ್ಯಾನ್ಯೂಬ್ ದಂಡೆಯ ಹಳ್ಳಿಯಲ್ಲಿ ಸಿಕ್ಕ ಹೆಣ್ಣಿನ ಮೂರ್ತಿ. ಸುಮಾರು 29,500 ವರ್ಷ ಹಳೆಯದು. ಫೋಟೊಗಳಲ್ಲಿ ನೋಡಿ ದೊಡ್ಡ ವಿಗ್ರಹ ಅಂದುಕೊಂಡಿರುತ್ತೇವೆ. ಎತ್ತರ ಬರೀ 11 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿಸುತ್ತದೆ. ಮುಖವಿಲ್ಲ. ತಲೆಯ ಸುತ್ತ ಹೆಣೆದ ಕೂದಲೋ ಟೋಪಿಯೋ ಸುರುಳಿ ಸುರುಳಿಯಾಗಿದೆ. ಪಕ್ಕಕ್ಕೆ ಬಂದು ಅದರ ತೋಳುಗಳನ್ನು ನೋಡಿ. ಎದೆಯ ಮೇಲೆ ಸಣ್ಣ ಗೆರೆಯಂತೆ ಇಟ್ಟಿರುವ ಕೈಗಳು ಮುಂದಿನಿಂದ ಸರಿಯಾಗಿ ಕಾಣುವುದಿಲ್ಲ.

ಬೆಲ್ವೆಡೇರ್: ಜನರ ನಡುವೆ ಒಂದು ಚಿತ್ರ ನೋಡುವ ಬಗೆ

ಸವಾಯ್‌ನ ರಾಜಕುಮಾರ ಯೂಜೀನ್ ಎಂಬ ಸೇನಾಪತಿಯ ಬೇಸಿಗೆ ಅರಮನೆ ಇದು. ಇಲ್ಲಿರುವುದು ಕ್ಲಿಮ್ಟ್‌ನ "ಚುಂಬನ". 1907-08ರ ಚಿತ್ರ, 180 ಸೆಂಟಿಮೀಟರ್ ಚೌಕ. ಮಗ್ಗು, ಸೀರೆ, ಚೀಲ, ಮೊಬೈಲ್ ಕವರ್ ಎಲ್ಲದರ ಮೇಲೂ ಬಂದು ಹಳಸಿದ ಚಿತ್ರ ಅಂತ ನಿಮಗನ್ನಿಸಬಹುದು. ಎದುರಿಗೆ ನಿಂತರೆ ಬೇರೆ. ಚಿನ್ನದ ಹಾಳೆ ಅಚ್ಚಿನಲ್ಲಿ ಬರುವುದಿಲ್ಲ.

ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಇಲ್ಲವಾದರೆ ಮುಚ್ಚಲು ಒಂದೂವರೆ ಗಂಟೆ ಇರುವಾಗ. ಒಳಗೆ ಹೋದವರೆಲ್ಲ ನೇರ ಮಧ್ಯಕ್ಕೆ ನುಗ್ಗಿ ಫೋನ್ ಎತ್ತುತ್ತಾರೆ. ನೀವು ಬದಿಗೆ ನಿಲ್ಲಿ. ಓರೆಯಿಂದ ನೋಡಿದಾಗ ಚಿನ್ನದ ಮೇಲೆ ಉಬ್ಬಿಸಿದ ಚುಕ್ಕಿಗಳು, ಬಳ್ಳಿಗಳು ಬೆಳಕಿಗೆ ಮಿನುಗುತ್ತವೆ. ಗಂಡಿನ ಬಟ್ಟೆಯ ಮೇಲೆ ಕಪ್ಪು ಬಿಳಿ ಚೌಕಗಳು, ಹೆಣ್ಣಿನದರ ಮೇಲೆ ಬಣ್ಣದ ಹೂವುಂಡೆಗಳು. ಅವಳ ಪಾದ ನೋಡಿ, ಹೂವಿನ ನೆಲದ ತುದಿಯಲ್ಲಿ ಬೆರಳು ಮಡಚಿ ಒತ್ತಿ ಹಿಡಿದಿದ್ದಾಳೆ. ಅದರಾಚೆ ಏನೂ ಇಲ್ಲ. ಆ ಇಬ್ಬರ ಸುಖದ ಬಗ್ಗೆ ನನಗೆ ಅನುಮಾನ ಹುಟ್ಟಿದ್ದು ಆ ಬೆರಳುಗಳಿಂದ.

ಆಡೆಲೆ ಬ್ಲೋಖ್-ಬಾವರ್ ಎಂಬಾಕೆಯನ್ನು ಕ್ಲಿಮ್ಟ್ ಬರೆದ ಚಿನ್ನದ ಚಿತ್ರ ಎಲ್ಲಿದೆ ಅಂತ ಹುಡುಕಬೇಡಿ. ನಾತ್ಸಿಗಳು ಯಹೂದಿ ಮನೆತನದಿಂದ ಕಿತ್ತುಕೊಂಡಿದ್ದ ಚಿತ್ರ ಅದು. ಅವಳ ಅಕ್ಕನ ಮಗಳು ಮಾರಿಯಾ ಆಲ್ಟ್‌ಮನ್ ವರ್ಷಗಟ್ಟಲೆ ಕಾನೂನು ಹೋರಾಟ ಮಾಡಿ 2006ರಲ್ಲಿ ಮರಳಿ ಪಡೆದರು. ಈಗ ನ್ಯೂಯಾರ್ಕ್‌ನಲ್ಲಿದೆ.

ಕ್ಲಿಮ್ಟ್ ಮುಗಿದ ಮೇಲೆ ಎಲ್ಲರೂ ಹೊರಟುಬಿಡುತ್ತಾರೆ. ನೀವು ಮೆಸರ್‌ಷ್ಮಿಟ್ ಎಂಬವನ ತಲೆಗಳನ್ನು ನೋಡಿಕೊಂಡು ಹೊರಡಿ. 18ನೇ ಶತಮಾನದ ಶಿಲ್ಪಿ. ಮುಖ ಸೊಟ್ಟ ಮಾಡಿದ, ಹಲ್ಲು ಕಚ್ಚಿದ, ಆಕಳಿಸುವ ತಲೆಗಳ ಸರಣಿಯನ್ನೇ ಮಾಡಿಟ್ಟ. ಮಕ್ಕಳು ಅವುಗಳ ಮುಂದೆ ನಿಂತು ಅದೇ ಮುಖ ಮಾಡುತ್ತಾರೆ, ಕಾವಲಿನವರೂ ನಗುತ್ತಾರೆ. ಹಾಗೆಯೇ ಅಮೃತಶಿಲೆಯ ಹಾಲ್‌ನಲ್ಲಿ ಒಂದು ನಿಮಿಷ ನಿಲ್ಲಿ. ಎರಡನೇ ಮಹಾಯುದ್ಧದ ನಂತರ ಆಸ್ಟ್ರಿಯಾ ಮತ್ತೆ ಸ್ವತಂತ್ರವಾದ ಒಪ್ಪಂದಕ್ಕೆ 1955ರ ಮೇ 15ರಂದು ಸಹಿ ಬಿದ್ದದ್ದು ಅಲ್ಲೇ. ಹೊರಗಿನ ತೋಟಕ್ಕೆ ಟಿಕೆಟ್ ಇಲ್ಲ.

ಖಜಾನೆ ಮತ್ತು ಸೇನಾ ಮ್ಯೂಸಿಯಂ

ಹೋಫ್‌ಬುರ್ಗ್ ಅರಮನೆಯೊಳಗಿನ ಖಜಾನೆಯನ್ನು ಒಂದೂವರೆ ಗಂಟೆಯಲ್ಲಿ ನೋಡಬಹುದು. ಕಾಲು ನೋವಿನವರಿಗೆ ಹೇಳಿ ಮಾಡಿಸಿದ ಅಳತೆ. 10ನೇ ಶತಮಾನದ ಎಂಟು ಮೂಲೆಯ ಸಾಮ್ರಾಜ್ಯ ಕಿರೀಟ ಇಲ್ಲಿದೆ. ಹರಳುಗಳನ್ನು ಇವತ್ತಿನಂತೆ ಮುಖ ಕೊರೆದಿಲ್ಲ, ಉರುಟಾಗಿ ಉಜ್ಜಿ ಕೂಡಿಸಿದ್ದಾರೆ. ಇನ್ನೊಂದು ತಮಾಷೆ, ಒಂಟಿಕೊಂಬಿನ ಕುದುರೆಯದ್ದು ಅಂತ ಕಾಪಾಡಿಕೊಂಡು ಬಂದ ಎರಡೂವರೆ ಮೀಟರ್ ಹತ್ತಿರದ ಕೊಂಬು. ಅದು ನಿಜವಾಗಿ ನಾರ್ವಾಲ್ ಎಂಬ ಕಡಲ ಪ್ರಾಣಿಯ ಹಲ್ಲು. 1564ರಲ್ಲಿ ಇಲ್ಲಿ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಸೋದರರು ಪಾಲು ಮಾಡಿಕೊಳ್ಳುವಾಗ ಇದನ್ನೂ ಒಂದು ಅಗೇಟ್ ಕಲ್ಲಿನ ಬೋಗುಣಿಯನ್ನೂ ಪಾಲಿಗೆ ಹಾಕದೆ ಮನೆತನದಲ್ಲೇ ಉಳಿಸಬೇಕು ಅಂತ ತೀರ್ಮಾನಿಸಿದರು.

ಸೇನಾ ಚರಿತ್ರೆಯ ಮ್ಯೂಸಿಯಂ ಊರ ಅಂಚಿಗೆ, ಹೌಪ್ಟ್‌ಬಾನ್‌ಹೋಫ್ ರೈಲು ನಿಲ್ದಾಣದ ಆಚೆ. 1914ರ ಜೂನ್ 28ರಂದು ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್ ಗುಂಡೇಟಿಗೆ ಬಲಿಯಾದಾಗ ಕೂತಿದ್ದ ಕಾರು ಅಲ್ಲಿದೆ. ಅವನ ರಕ್ತದ ಕಲೆಯ ನೀಲಿ ಅಂಗಿಯೂ ಇದೆ. ಮೊದಲ ಮಹಾಯುದ್ಧ ಶುರುವಾದದ್ದು ಈ ಕಾರಿನಿಂದ ಅಂತ ಶಾಲೆಯಲ್ಲಿ ಓದಿದ್ದು ಕಣ್ಣೆದುರಿಗೆ ನಿಲ್ಲುತ್ತದೆ. ತಿಂಗಳ ಮೊದಲ ಭಾನುವಾರ ಪ್ರವೇಶ ಉಚಿತ.

ಊಟ, ನೀರು, ಭಾನುವಾರ

ನೀರಿಗೆ ದುಡ್ಡು ಕೊಡಬೇಡಿ. 1873ರಿಂದ ಆಲ್ಪ್ಸ್ ಬೆಟ್ಟದ ಬುಗ್ಗೆ ನೀರು ಕೊಳವೆಯಲ್ಲಿ ಊರಿಗೆ ಬರುತ್ತಿದೆ. ನಲ್ಲಿ ನೀರೇ ಕುಡಿಯಿರಿ. ಶೌಚಾಲಯಕ್ಕೆ ಮ್ಯೂಸಿಯಂನಲ್ಲೇ ಹೋಗಿ ಬನ್ನಿ, ಹೊರಗೆ ಹಲವೆಡೆ ಕಾಸು ಕೊಡಬೇಕು.

ಸಸ್ಯಾಹಾರಿಗಳು ಸೂಪ್ ವಿಷಯದಲ್ಲಿ ಎಚ್ಚರ. ಫ್ರಿಟಾಟೆನ್‌ಸೂಪ್ ಅಂತ ದೋಸೆ ಚೂರುಗಳನ್ನು ಹಾಕಿದ ಸೂಪ್ ನೋಡಲು ಮುಗ್ಧವಾಗಿರುತ್ತದೆ, ಆದರೆ ಸಾರು ದನದ ಮೂಳೆಯದ್ದು. ಬೀದಿ ಬದಿಯಲ್ಲಿ ಮಾರುವ ಕೇಸೆಕ್ರೈನರ್ ಎಂಬ ಸಾಸೇಜಿನ ಹೆಸರಿನಲ್ಲಿ ಚೀಸ್ ಇದೆ, ಒಳಗೆ ಹಂದಿ ಮಾಂಸ. ಚೀಸ್ ಹಾಕಿದ ಕೇಸೆಷ್ಪೆಟ್ಸ್‌ಲೆ ಎಂಬ ನೂಡಲ್‌ನಂಥ ತಿನಿಸು ಮತ್ತು ಸೇಬಿನ ಸ್ಟ್ರೂಡಲ್ ಸಾಮಾನ್ಯವಾಗಿ ಸರಿ, ಮೊಟ್ಟೆ ತಿನ್ನದವರು ಕೇಳಿಕೊಳ್ಳಿ. ನಾಶ್‌ಮಾರ್ಕ್ಟ್ ಎಂಬ ಸಂತೆಯಲ್ಲಿ ಫಲಾಫೆಲ್ ಬೇಕಾದಷ್ಟು ಸಿಗುತ್ತದೆ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಸಂತೆಯೂ ಇಲ್ಲ. ದೊಡ್ಡ ರೈಲು ನಿಲ್ದಾಣಗಳ ಒಳಗಿನ ಸೂಪರ್ ಮಾರ್ಕೆಟ್ ಮಾತ್ರ ತೆರೆದಿರುತ್ತದೆ, ಅಲ್ಲಿ ಊರಿಗೆ ಊರೇ ಸಾಲು ನಿಂತಿರುತ್ತದೆ. ಮೊಸರನ್ನ ಇಲ್ಲದೆ ಆಗದವರು ಶನಿವಾರ ಸಂಜೆಯೇ ನಾಟುರ್‌ಯೋಗುರ್ಟ್ ಡಬ್ಬ ತಂದಿಟ್ಟುಕೊಳ್ಳಿ. ಸಕ್ಕರೆ ಹಾಕಿಲ್ಲದ ಮೊಸರು ಅದು. ಭಾನುವಾರವನ್ನು ಪೂರ್ತಿ ಮ್ಯೂಸಿಯಂಗೇ ಇಡುವುದು ಜಾಣತನ.

ಬಿಟ್ಟರೂ ನಡೆಯುವವು, ಬಿಡಬಾರದವು

ಅರಮನೆಯ ಸಿಸಿ ಮ್ಯೂಸಿಯಂ, ಅಂದರೆ ಫ್ರಾನ್ಸ್ ಜೋಸೆಫ್‌ನ ಹೆಂಡತಿ ಎಲಿಜಬೆತ್‌ಳದ್ದು, ಗುಂಪು ಪ್ರವಾಸಗಳಲ್ಲಿ ಕಡ್ಡಾಯ. ಅವಳ ಕಥೆ ಗೊತ್ತಿದ್ದು ಇಷ್ಟವಿದ್ದರೆ ಹೋಗಿ. ಇಲ್ಲದಿದ್ದರೆ ಆ ಸಮಯ ಖಜಾನೆಗೆ ಕೊಡಿ.

ಆಲ್ಬರ್ಟೀನಾಕ್ಕೆ ಚಿತ್ರಕಾರ ಡ್ಯೂರರ್‌ನ 1502ರ ಮೊಲದ ಚಿತ್ರ ನೋಡಲೆಂದೇ ಹೋಗುವವರು ತಡೆಯಿರಿ. ಬೆಳಕಿಗೆ ಬಣ್ಣ ಮಾಸುತ್ತದೆ ಅಂತ ಅಸಲಿಯನ್ನು ಅಪರೂಪಕ್ಕೆ ಮಾತ್ರ ಹೊರಗೆ ತೆಗೆಯುತ್ತಾರೆ. ಉಳಿದ ಹೊತ್ತು ಕಾಣುವುದು ನಕಲು.

ಮನೋವಿಶ್ಲೇಷಕ ಫ್ರಾಯ್ಡ್ 1891ರಿಂದ 1938ರವರೆಗೆ ಇದ್ದ ಮನೆ ಬೆರ್ಗ್‌ಗಾಸೆ 19ರಲ್ಲಿದೆ, ಈಗ ಮ್ಯೂಸಿಯಂ. ರೋಗಿಗಳನ್ನು ಮಲಗಿಸುತ್ತಿದ್ದ ಆ ಹೆಸರಾಂತ ಮಂಚ ಮಾತ್ರ ಅಲ್ಲಿಲ್ಲ. ನಾತ್ಸಿಗಳ ಕಾಟಕ್ಕೆ ಊರು ಬಿಟ್ಟಾಗ ಅವನ ಜೊತೆ ಲಂಡನ್ನಿಗೆ ಹೋಯಿತು, ಅಲ್ಲೇ ಇದೆ.

ಚಿಕ್ಕ ಜಾಗಗಳಲ್ಲಿ ನಾನು ಮೊದಲು ಹೇಳುವುದು ಸೆಸೆಷನ್ ಎಂಬ ಕಲಾ ಪ್ರದರ್ಶನದ ಕಟ್ಟಡ. ತಲೆಯ ಮೇಲೆ ಚಿನ್ನದ ಎಲೆಗಳ ಗೋಲ ಇದೆ, ಊರವರು ಎಲೆಕೋಸು ಅಂತ ಗೇಲಿ ಮಾಡುತ್ತಿದ್ದರು. ನೆಲಮಾಳಿಗೆಯಲ್ಲಿ ಕ್ಲಿಮ್ಟ್ 1902ರಲ್ಲಿ ಸಂಗೀತಗಾರ ಬೆಥೊವೆನ್‌ನ ಗೌರವಕ್ಕೆ ಬರೆದ 34 ಮೀಟರ್ ಉದ್ದದ ಗೋಡೆಚಿತ್ರ. ಅರ್ಧ ಗಂಟೆ ಸಾಕು. ಬೆಲ್ವೆಡೇರ್‌ನ ನೂಕಾಟದಲ್ಲಿ ಸಿಗದ ನೆಮ್ಮದಿ ಇಲ್ಲಿ ಸಿಗುತ್ತದೆ. ಅಲ್ಲಿಂದ ಕಾರ್ಲ್ಸ್‌ಪ್ಲಾಟ್ಸ್ ಚೌಕಕ್ಕೆ ಐದಾರು ನಿಮಿಷದ ನಡಿಗೆ. ಅಲ್ಲಿ 2023ರ ಕೊನೆಗೆ ಹೊಸದಾಗಿ ತೆರೆದ ವೀನ್ ಮ್ಯೂಸಿಯಂನಲ್ಲಿ ಊರಿನ ಚರಿತ್ರೆಯ ಕಾಯಂ ಪ್ರದರ್ಶನಕ್ಕೆ ಟಿಕೆಟ್ಟೇ ಇಲ್ಲ. ಕೈಯಲ್ಲಿ ಒಂದು ಗಂಟೆ ಉಳಿದು, ಜೇಬಲ್ಲಿ ಯೂರೊ ಖಾಲಿಯಾಗಿದ್ದರೆ ಅಲ್ಲಿಗೆ ಹೋಗಿ. ಸೋಮವಾರ ಮಾತ್ರ ಬೇಡ, ಅವರಿಗೂ ಅವತ್ತೇ ರಜೆ.